ಪ್ರಹ್ಲಾದ್ ಅವರನ್ನು ಓದಿದ ವರ್ಷ

ಎಂ.ಬಿ.ಎ. ಎರಡನೇ ವರ್ಷದಲ್ಲಿ ನಮಗೆ ವ್ಯಾಪಾರ ಕಾರ್ಯತಂತ್ರ ಕಲಿಸಿದ ಮೇಡಂ ಪಠ್ಯಪುಸ್ತಕ ತೆರೆಯುವ ಮುಂಚೆ ಒಂದು ಲೇಖನವನ್ನು ಸಾಲು ಸಾಲಾಗಿ ಓದಿಸಿದರು. ನಿರ್ವಹಣಾ ಚಿಂತಕರಾದ ಸಿ.ಕೆ. ಪ್ರಹ್ಲಾದ್ ಮತ್ತು ಗ್ಯಾರಿ ಹ್ಯಾಮೆಲ್ 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರಕಟಿಸಿದ್ದು ಅದು. ಕಂಪನಿಯನ್ನು ಅವರು ಮರವೆಂದು ಕಂಡರು: ಮಾರಾಟಕ್ಕೆ ಬರುವ ಸರಕು ಎಲೆ, ಹೂವು, ಹಣ್ಣು; ಮಣ್ಣಿನೊಳಗಿನ ಬೇರು ಕಂಪನಿಯ ಮೂಲ ಸಾಮರ್ಥ್ಯ. ಹೋಂಡಾ ಬೈಕು, ಕಾರು, ಜನರೇಟರ್ ಎಲ್ಲವನ್ನೂ ಮಾಡುವುದು ಎಂಜಿನ್ ಕಟ್ಟುವ ವಿದ್ಯೆಯ ಬಲದಿಂದ.

"ನಿಮ್ಮೂರಿನ ಒಂದು ಕಸುಬಿನ ಬೇರು ಎಲ್ಲಿದೆ, ನೋಡಿಕೊಂಡು ಬನ್ನಿ" ಎಂದರು ಮೇಡಂ. ನಾನು ಮೈಸೂರಿನ ಅಗರಬತ್ತಿಯನ್ನು ಆರಿಸಿಕೊಂಡೆ. ಹೆಂಗಸರು ಮನೆಯಲ್ಲೇ ಕುಳಿತು, ಹಲಗೆಯ ಮೇಲೆ ಕಪ್ಪು ಹಿಟ್ಟನ್ನು ಕಡ್ಡಿಗೆ ಹೊಸೆಯುತ್ತಿದ್ದರು. ಆ ಕಚ್ಚಾ ಬತ್ತಿಗೆ ಪರಿಮಳವೇ ಇರಲಿಲ್ಲ. ಕಾರ್ಖಾನೆಗೆ ಬಂದ ಮೇಲೆ ಅದನ್ನು ಕಟ್ಟುಕಟ್ಟಾಗಿ ಸುಗಂಧದ ಎಣ್ಣೆಯಲ್ಲಿ ಅದ್ದುತ್ತಿದ್ದರು. ಆ ಎಣ್ಣೆಯ ಮಿಶ್ರಣ ಮಾಲೀಕರ ಮನೆಯವರಿಗಷ್ಟೇ ಗೊತ್ತು. ಮೂಲ ಸಾಮರ್ಥ್ಯವೆಂದರೆ ಹಲವು ಮಾರುಕಟ್ಟೆಗಳ ಬಾಗಿಲು ತೆರೆಯಬೇಕು, ಕೊಳ್ಳುವವರಿಗೆ ಅದರ ಪ್ರಯೋಜನ ಗೊತ್ತಾಗಬೇಕು, ಬೇರೆಯವರು ಸುಲಭವಾಗಿ ನಕಲು ಮಾಡುವಂತಿರಬಾರದು ಎಂಬ ಮೂರು ಮಾತುಗಳು ನನಗೆ ಮನದಟ್ಟಾದದ್ದು ಆ ಅದ್ದುವ ಕೋಣೆಯಲ್ಲಿ.

ಕೊಯಮತ್ತೂರಿನಲ್ಲಿ 1941ರಲ್ಲಿ ಹುಟ್ಟಿದ ಪ್ರಹ್ಲಾದ್ ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. ಹತ್ತೊಂಬತ್ತರ ವಯಸ್ಸಿಗೇ ಯೂನಿಯನ್ ಕಾರ್ಬೈಡ್‌ನ ಬ್ಯಾಟರಿ ಕಾರ್ಖಾನೆ ಸೇರಿ ನಾಲ್ಕು ವರ್ಷ ದುಡಿದರು. ಅಹಮದಾಬಾದಿನ ಐಐಎಂ, 1975ರ ಹಾರ್ವರ್ಡ್ ಡಾಕ್ಟರೇಟ್, 1977ರಿಂದ ಮಿಷಿಗನ್ ವಿಶ್ವವಿದ್ಯಾಲಯ, 2009ರ ಪದ್ಮಭೂಷಣ ಎಲ್ಲವೂ ಆಮೇಲಿನವು. ಆದರೆ ಅವರ ಚಿಂತನೆಯನ್ನು ರೂಪಿಸಿದ್ದು ಕಾರ್ಖಾನೆಯ ಆ ನಾಲ್ಕು ವರ್ಷಗಳೇ ಎಂದು ನನ್ನ ನಂಬಿಕೆ. ಸರಕು ಹೇಗೆ ತಯಾರಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗಷ್ಟೇ ಅಂಥ ಬರವಣಿಗೆ ಸಾಧ್ಯ.

2010ರ ಏಪ್ರಿಲ್ 16ರಂದು ಅವರು ತೀರಿಕೊಂಡರು. ಸುದ್ದಿ ಬಂದ ಮೇಲೆ ಮೇಡಂ, ಪ್ರಹ್ಲಾದ್ ಅವರ 2004ರ ಪುಸ್ತಕದ ಮೇಲೆ ಚರ್ಚೆ ಏರ್ಪಡಿಸಿದರು. ಬಡವರನ್ನೂ ಗ್ರಾಹಕರೆಂದು ಗೌರವಿಸಿದರೆ ಕಂಪನಿಗೂ ಲಾಭ, ಬಡತನವೂ ಕರಗುತ್ತದೆ ಎಂಬುದು ಅದರ ವಾದ. ಇದನ್ನು ಬಲವಾಗಿ ಅಲ್ಲಗಳೆದವರು ಅದೇ ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅನಿಲ್ ಕರ್ನಾನಿ. ಬಡವರಿಗೆ ಮಾರುವುದಕ್ಕಿಂತ ಅವರು ತಯಾರಿಸಿದ್ದನ್ನು ಕೊಳ್ಳಿ, ಅವರ ಆದಾಯ ಹೆಚ್ಚಿಸಿ ಎಂದರು. ಬತ್ತಿ ಹೊಸೆಯುವ ಹೆಂಗಸರನ್ನು ನೋಡಿ ಬಂದಿದ್ದ ನಾನು ಕರ್ನಾನಿಯವರ ಪರವಾಗಿ ಮಾತನಾಡಿದೆ. ಬಡವರಿಗೆಂದು ಪುಟ್ಟ ಪೊಟ್ಟಣದಲ್ಲಿ ಮಾರುವ ಶಾಂಪೂ ಸ್ಯಾಷೆಯಂಥ ಸರಕಿನ ವಿಷಯದಲ್ಲಿ ಇವತ್ತಿಗೂ ನನ್ನ ಮಾತು ಅದೇ.

ಆದರೆ ಪ್ರಹ್ಲಾದ್ ಅದೇ ಪುಸ್ತಕದಲ್ಲಿ ಬರೆದ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಕಥೆಯನ್ನು ಯಾರೂ ತಳ್ಳಿಹಾಕಲಾರರು. 1976ರಲ್ಲಿ 11 ಹಾಸಿಗೆಗಳಿಂದ ಶುರುವಾದ ಆಸ್ಪತ್ರೆ ಅದು. ಹಣ ಕೊಡಬಲ್ಲವರಿಂದ ಪಡೆದು, ಇಲ್ಲದವರಿಗೆ ಉಚಿತವಾಗಿ ಪೊರೆಯ ಶಸ್ತ್ರಚಿಕಿತ್ಸೆ ಮಾಡುತ್ತಾ ಬಂತು. 1992ರಿಂದ ಕಣ್ಣಿನೊಳಗೆ ಕೂರಿಸುವ ಮಸೂರವನ್ನೂ ತಾನೇ ಕಡಿಮೆ ಬೆಲೆಗೆ ತಯಾರಿಸತೊಡಗಿತು.