ತವರಂಗಳವಿಲ್ಲದ ವಾರಿಯರ್ಸ್

2025ರ ಆಗಸ್ಟ್ ತಿಂಗಳ ಒಂದು ಸಂಜೆ ಮಾನಸಗಂಗೋತ್ರಿಯ ಕಡೆಯಿಂದ ಮನೆಗೆ ಮರಳುತ್ತಿದ್ದಾಗ, ಮರಗಳ ಸಂದಿನಿಂದ ಹೊನಲು ಬೆಳಕು ಕಾಣಿಸಿತು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ. ಒಳಗೆ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿಯಾದ ಮಹಾರಾಜ ಟ್ರೋಫಿಯ ಪಂದ್ಯ ನಡೆಯುತ್ತಿತ್ತು. ಚೆಂಡಿಗೆ ಬ್ಯಾಟು ತಾಗಿದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಫೀಲ್ಡರುಗಳ ಕೂಗು ಕೇಳುತ್ತಿತ್ತು, ಆದರೆ ಆ ಎರಡರ ನಡುವೆ ಇರಬೇಕಾದ ಜನರ ಗದ್ದಲ ಮಾತ್ರ ಇರಲಿಲ್ಲ, ಏಕೆಂದರೆ ಆ ಬಾರಿ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ. ಮೈಸೂರು ವಾರಿಯರ್ಸ್ ತಂಡ ತನ್ನ ಹೆಸರಿನ ಊರಿನಲ್ಲಿಯೇ ಇದ್ದೂ, ಆ ಊರಿನವರು ಬೇಲಿಯ ಹೊರಗೆ ನಿಂತು ಸದ್ದು ಕೇಳಬೇಕಾದ ಸ್ಥಿತಿ ಅದು.

ಇದರಲ್ಲಿ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಅದೇ ವರ್ಷ ಜೂನ್ 4ರಂದು ಆರ್‌ಸಿಬಿಯ ವಿಜಯೋತ್ಸವದ ಹೊತ್ತಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡಿದ್ದರು. ಆ ದುರಂತದ ನಂತರ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಟೂರ್ನಿ ಮೈಸೂರಿಗೆ ಬಂತು. ಸಾವಿರಾರು ಜನರನ್ನು ಸುರಕ್ಷಿತವಾಗಿ ಒಳಗೆ ಬಿಟ್ಟು ಹೊರಗೆ ಕಳುಹಿಸುವ ವ್ಯವಸ್ಥೆಯಿಲ್ಲದ ಮೈದಾನದಲ್ಲಿ ಬಾಗಿಲು ಮುಚ್ಚಿಯೇ ಆಡಿಸಿದ್ದು ವಿವೇಕದ ನಿರ್ಧಾರವೆಂದೇ ಒಪ್ಪುತ್ತೇನೆ. ಆದರೂ ಆ ಸಂಜೆಯಿಂದ, ಮೈಸೂರಿಗೆ ಬರಲಿದೆ ಎಂದು ಬಹುಕಾಲದಿಂದ ಹೇಳಲಾಗುತ್ತಿರುವ ಅಂತಾರಾಷ್ಟ್ರೀಯ ಕ್ರೀಡಾಂಗಣದ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ಈಗಿರುವ ಮೈದಾನದ ಬಗ್ಗೆ ಮೊದಲು ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಜಾಗದಲ್ಲಿರುವ, ನಾವೆಲ್ಲ ಇಂದಿಗೂ ಗಂಗೋತ್ರಿ ಗ್ಲೇಡ್ಸ್ ಎಂದೇ ಕರೆಯುವ ಆ ಅಂಗಳಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರಿದೆ. 2013ರ ಡಿಸೆಂಬರ್ ಆರಂಭದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಮತ್ತೆ ಆಯ್ಕೆಯಾದ ಅವರು ಕೆಲವೇ ದಿನಗಳಲ್ಲಿ, ಅದೇ ತಿಂಗಳ 10ರಂದು ತೀರಿಕೊಂಡರು. ಮಹಾರಾಜ ಟ್ರೋಫಿಯ ‘ಮಹಾರಾಜ’ರೂ ಅವರೇ.

ಆ ಅಂಗಳಕ್ಕೆ ಎಷ್ಟು ಜನ ಬರಬಲ್ಲರೆಂಬುದನ್ನು ನಾನು 2010ರ ಜನವರಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್. ಮೊದಲ ಇನಿಂಗ್ಸ್‌ನಲ್ಲಿ ನಮ್ಮವರು 130ಕ್ಕೆ ಕುಸಿದಾಗ ಕತೆ ಮುಗಿಯಿತೆಂದು ಎಲ್ಲರೂ ಕೈಚೆಲ್ಲಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಗೆಲುವಿನ ಗುರಿ 338. ಇಪ್ಪತ್ತರ ಹರೆಯದ ಮನೀಷ್ ಪಾಂಡೆ 144 ರನ್ ಹೊಡೆದರು. ಇನ್ನೊಂದು ತುದಿಯಲ್ಲಿ ಗಣೇಶ್ ಸತೀಶ್ ತಾಳ್ಮೆಯಿಂದ ನಿಂತರು. ನಾಲ್ಕನೆಯ ದಿನ ಬೆಳಗಿನಿಂದಲೇ ಜನ ಬರುತ್ತಲೇ ಇದ್ದರು. ಕಾಲೇಜಿಗೆ ಚಕ್ಕರ್ ಹೊಡೆದವರು, ಕಚೇರಿಯಲ್ಲಿ ಹೊಟ್ಟೆನೋವೆಂದು ಹೇಳಿ ಬಂದವರು, ಏನು ನಡೆಯುತ್ತಿದೆಯೆಂದು ಇಣುಕಲು ಬಂದು ಅಲ್ಲೇ ನಿಂತುಬಿಟ್ಟವರು. ಕೂರಲು ಜಾಗವಿಲ್ಲದೆ ನಾನು ಹುಲ್ಲಿನ ದಿಬ್ಬದ ಮೇಲೆ ಅಪರಿಚಿತರ ಹೆಗಲ ನಡುವಿನಿಂದ ಇಡೀ ದಿನ ಆಟ ನೋಡಿದೆ. ಕರ್ನಾಟಕ 331ಕ್ಕೆ ಆಲೌಟ್ ಆಯಿತು. ಕೇವಲ ಆರು ರನ್ನಿನ ಸೋಲು. ಆ ಕ್ಷಣದ ಮೌನವನ್ನು ಅಲ್ಲಿದ್ದವರು ಯಾರೂ ಮರೆತಿರಲಾರರು.

ಅದೇ ಮನೀಷ್ ಪಾಂಡೆ 2025ರಲ್ಲಿ ಅದೇ ಮೈದಾನದಲ್ಲಿ, ಮೈಸೂರು ವಾರಿಯರ್ಸ್ ತಂಡದ ನಾಯಕರಾಗಿ, ಖಾಲಿ ದಿಬ್ಬಗಳ ಮುಂದೆ ಬ್ಯಾಟು ಬೀಸಿದರು.

ಫ್ರ್ಯಾಂಚೈಸಿ ಕ್ರಿಕೆಟ್‌ನಲ್ಲಿ ‘ನಮ್ಮ ತಂಡ’ ಎನ್ನುವ ಮಾತಿಗೆ ಎಷ್ಟು ಅರ್ಥವಿದೆ ಎಂಬ ಪ್ರಶ್ನೆಗೂ ಪಾಂಡೆಯವರೇ ಉದಾಹರಣೆ. 2022ರ ಮೊದಲ ಮಹಾರಾಜ ಟ್ರೋಫಿಯನ್ನು ಅವರು ಗುಲ್ಬರ್ಗ ಮಿಸ್ಟಿಕ್ಸ್ ನಾಯಕರಾಗಿ ಗೆದ್ದರು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ನಾಯಕರಾಗಿ ಫೈನಲ್‌ನಲ್ಲಿ ನಮ್ಮ ಮೈಸೂರನ್ನೇ ಎಂಟು ರನ್ನುಗಳಿಂದ ಸೋಲಿಸಿದರು. ಆಮೇಲೆ ನಮ್ಮವರೇ ಆದರು. ಹರಾಜಿನ ಪದ್ಧತಿಯಲ್ಲಿ ಇದು ಸಹಜ. ತಂಡದ ಹೆಸರುಗಳ ವಿಷಯದಲ್ಲೂ ಇಂಥದೇ ಒಂದು ಅಸಡ್ಡೆ ಕಾಣುತ್ತದೆ: ನಗರಗಳ ಹೆಸರು 2014ರಲ್ಲಿಯೇ ಇಂಗ್ಲಿಷ್‌ನಲ್ಲೂ ಬದಲಾದವು, ಬೆಂಗಳೂರು, ಮಂಗಳೂರು, ಶಿವಮೊಗ್ಗ ತಂಡಗಳು ಹೊಸ ರೂಪವನ್ನು ಒಪ್ಪಿಕೊಂಡವು, ನಮ್ಮ ತಂಡವಾದರೋ ಇಂಗ್ಲಿಷ್‌ನಲ್ಲಿ ಇನ್ನೂ ‘ಮೈಸೋರ್’ ಆಗಿಯೇ ಉಳಿದಿದೆ, ಹುಬ್ಬಳ್ಳಿಯವರದು ‘ಹುಬ್ಲಿ’ಯಾಗಿ ಉಳಿದಂತೆ. ಕನ್ನಡದಲ್ಲಿ ಬರೆಯುವವರಿಗೆ ಆ ತೊಂದರೆಯಿಲ್ಲ ಬಿಡಿ.

ಹಾಗೆಂದು ತಂಡಕ್ಕೂ ಊರಿಗೂ ಸಂಬಂಧವೇ ಇಲ್ಲವೆನ್ನುವುದು ತಪ್ಪಾದೀತು. ಅದರ ಒಡೆತನ ಅಗರಬತ್ತಿಗೆ ಹೆಸರಾದ ಮೈಸೂರಿನದೇ ಎನ್.ಆರ್. ಸಮೂಹದ್ದು. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) 2014ರ ಕಪ್ ಗೆದ್ದ ತಂಡ ಇದು. 2019ರ ಫಿಕ್ಸಿಂಗ್ ಹಗರಣ ಮತ್ತು ಬಂಧನಗಳಿಂದ ಆ ಲೀಗ್ ಮಣ್ಣುಪಾಲಾಗಿ, 2022ರಲ್ಲಿ ಹೊಸ ಹೆಸರಿನಲ್ಲಿ ಮರಳಿದಾಗಲೂ ವಾರಿಯರ್ಸ್ ಉಳಿದುಕೊಂಡಿತು. 2024ರಲ್ಲಿ ಕರುಣ್ ನಾಯರ್ 560 ರನ್ ಕಲೆಹಾಕಿ ತಂಡವನ್ನು ಮುನ್ನಡೆಸಿದರು. ಫೈನಲ್‌ನಲ್ಲಿ 207 ರನ್ ಗಳಿಸಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ 45 ರನ್ನುಗಳಿಂದ ಗೆದ್ದರು. ಭಾರತ ತಂಡದಿಂದ ದೂರವಾಗಿದ್ದ ಆಟಗಾರನೊಬ್ಬ ಮರಳುವ ದಾರಿಯಲ್ಲಿ ನಮ್ಮ ಊರಿನ ಹೆಸರಿನ ಅಂಗಿ ತೊಟ್ಟಿದ್ದ ಎಂಬುದು ಸಣ್ಣ ಹೆಮ್ಮೆಯೇನಲ್ಲ. ಆದರೆ ಆ ಕಪ್ ಎತ್ತಿದ್ದು ಎಲ್ಲಿ? ಬೆಂಗಳೂರಿನಲ್ಲಿ, ಎದುರಾಳಿಯ ಅಂಗಳದಲ್ಲಿ. 2022ರ ಆರಂಭದ ಪಂದ್ಯಗಳನ್ನು ಬಿಟ್ಟರೆ ಅಲ್ಲಿಯವರೆಗೆ ಟೂರ್ನಿ ನಡೆದದ್ದೆಲ್ಲ ಚಿನ್ನಸ್ವಾಮಿಯಲ್ಲಿಯೇ. ಆರು ಊರುಗಳ ಹೆಸರಿನ ಆರು ತಂಡಗಳು ಒಂದೇ ಊರಿನಲ್ಲಿ ಸೇರಿ ಆಡಿದರೆ ಖರ್ಚು ಕಡಿಮೆ, ನೇರ ಪ್ರಸಾರಕ್ಕೆ ಸುಲಭ, ನಿಜ. ಆದರೆ ಆಗ ಊರಿನ ಹೆಸರು ಅಂಗಿಯ ಮೇಲಿನ ಅಲಂಕಾರವಾಗಿ ಮಾತ್ರ ಉಳಿಯುತ್ತದೆ.

ಕ್ರೀಡಾಂಗಣ ಬೇಕೆನ್ನುವ ನನ್ನ ವಾದ ನಿಂತಿರುವುದು ಇದರ ಮೇಲೆ. ಮೈಸೂರಿಗೆ ವಿಶ್ವಕಪ್ ಪಂದ್ಯ ಬರಲೆಂಬ ಆಸೆ ನನಗೆ ಅಷ್ಟಾಗಿ ಇಲ್ಲ. ಬೆಂಗಳೂರಿನ ಪಕ್ಕ ಆನೇಕಲ್‌ನ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣದ ಯೋಜನೆಯಿದೆ, ತುಮಕೂರಿನ ಬಳಿ ಸೋರೆಕುಂಟೆಯಲ್ಲಿ 2024ರ ಡಿಸೆಂಬರ್‌ನಲ್ಲಿ ಇನ್ನೊಂದಕ್ಕೆ ಶಂಕುಸ್ಥಾಪನೆಯಾಗಿದೆ. ದೊಡ್ಡ ಪಂದ್ಯಗಳು ಅತ್ತ ಹೋಗಲಿ. ವಾರಿಯರ್ಸ್ ತಂಡ ವರ್ಷಕ್ಕೆ ನಾಲ್ಕೈದು ಪಂದ್ಯಗಳನ್ನಾದರೂ ತವರಿನಲ್ಲಿ, ಟಿಕೆಟ್ ಕೊಂಡು ಬಂದ ಜನರ ಮುಂದೆ ಆಡುವಂತಾಗಬೇಕು. ಉಳಿದ ದಿನಗಳಲ್ಲಿ ರಣಜಿ, ವಯೋಮಿತಿ ಟೂರ್ನಿಗಳು, ಮಹಿಳೆಯರ ಪಂದ್ಯಗಳು, ವಲಯ ಲೀಗ್‌ಗಳು ಅಲ್ಲಿ ನಡೆಯಬೇಕು. ಇದಕ್ಕೆ ಇಪ್ಪತ್ತು ಸಾವಿರ ಆಸನ ಧಾರಾಳವಾಯಿತು.

ಜಾಗದ ವಿಷಯ ಬಂದಾಗಲೇ ತಕರಾರು ಶುರುವಾಗುವುದು. ಒಮ್ಮೆ ಹಂಚ್ಯಾ-ಸಾತಗಳ್ಳಿಯ ಹೆಸರು ಕೇಳಿಬಂತು, ಕೆರೆಯ ಗತಿಯೇನೆಂದು ಪರಿಸರದವರು ಕೇಳಿದರು. ಆಮೇಲೆ ಮಾತು ಇಲವಾಲ ಹೋಬಳಿಯ ಕಡೆಗೆ ಹೊರಳಿತು. ಕೆರೆಯ ಪ್ರಶ್ನೆಯನ್ನು ಅಭಿವೃದ್ಧಿಗೆ ಅಡ್ಡಗಾಲು ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕ್ರಿಕೆಟ್ ಮೈದಾನ ನೀರು ಕುಡಿಯುವ ಪ್ರಾಣಿ. ಅದನ್ನು ಕಟ್ಟಲು ನೀರಿನ ತಾಣವನ್ನೇ ಕೆಡಿಸುವುದು ಒರಳಲ್ಲಿ ಕೂತು ಒನಕೆ ಪೆಟ್ಟಿಗೆ ತಲೆಯೊಡ್ಡಿದಂತೆ.

ಪುಣೆಯ ಗಹುಂಜೆಯನ್ನು ನೋಡಿದರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಪುಣೆ ವಾರಿಯರ್ಸ್ ಎಂಬ ಐಪಿಎಲ್ ತಂಡ 2011ರಲ್ಲಿ ತನ್ನ ಊರಿನಲ್ಲಿ ಕ್ರೀಡಾಂಗಣವಿನ್ನೂ ಸಿದ್ಧವಿಲ್ಲದೆ ನವಿ ಮುಂಬೈಯನ್ನು ತವರೆಂದು ಕರೆದುಕೊಂಡು ಆಡಿತು. 2012ರಲ್ಲಿ ಎಕ್ಸ್‌ಪ್ರೆಸ್‌ವೇ ಪಕ್ಕದ ಗಹುಂಜೆಯಲ್ಲಿ ಕ್ರೀಡಾಂಗಣ ಐಪಿಎಲ್ ಆಟಕ್ಕೆ ತೆರೆಯಿತು, 2013ಕ್ಕೆ ತಂಡವೇ ಇಲ್ಲವಾಯಿತು. ಅಲ್ಲಿಗೆ ಬಂದ ಮುಂದಿನ ತಂಡ 2016ರ ಬರಗಾಲದಲ್ಲಿ, ನ್ಯಾಯಾಲಯದ ಆದೇಶದ ನಂತರ, ಉಳಿದ ಪಂದ್ಯಗಳಿಗಾಗಿ ವಿಶಾಖಪಟ್ಟಣಕ್ಕೆ ಗಂಟುಮೂಟೆ ಕಟ್ಟಿತು. 2018ರಲ್ಲಿ ಕಾವೇರಿ ಗಲಾಟೆಯಿಂದಾಗಿ ಚೆನ್ನೈ ತಂಡ ಅದೇ ಗಹುಂಜೆಯಲ್ಲಿ ಆಶ್ರಯ ಪಡೆಯಿತು. ಕಾವೇರಿಯ ದಂಡೆಯ ನಮಗೆ ಆ ಕತೆ ಬಿಡಿಸಿ ಹೇಳಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್ ನೋಡಲು ಊರಾಚೆ ಹೋಗಿ ಬಿಸಿಲಲ್ಲಿ ಕೂತ ಜನರಿಗೆ ಕುಡಿಯುವ ನೀರು ಸಾಕಾಗದೆ, ಅಲ್ಲಿನ ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಬೇಕಾಯಿತು.

ಹಾಗಾಗಿ ನೀಲನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ಪೆವಿಲಿಯನ್ನಿನ ಚಂದವನ್ನಲ್ಲ. ಸಂಸ್ಕರಿಸಿದ ನೀರಿನ ಘಟಕವೆಲ್ಲಿದೆ, ಚಾವಣಿ ಎಷ್ಟು ಆಸನಗಳಿಗಿದೆ, ಹೆಂಗಸರ ಶೌಚಾಲಯ ಎಷ್ಟು, ಜನ ಒಮ್ಮೆಲೇ ಹೊರಬಿದ್ದರೆ ಬಾಗಿಲುಗಳು ಸಾಲುತ್ತವೆಯೇ ಎಂಬುದನ್ನು. ಜೂನ್ 4ರ ನಂತರ ಕೊನೆಯ ಪ್ರಶ್ನೆಯನ್ನು ಮೊದಲು ಕೇಳದ ಯೋಜನೆಗೆ ಒಪ್ಪಿಗೆ ಕೊಡಬಾರದು. ಗಂಗೋತ್ರಿಯ ಹಾಗೆ ಒಂದು ಬದಿಯನ್ನಾದರೂ ಹುಲ್ಲಿನ ದಿಬ್ಬವಾಗಿ ಬಿಟ್ಟರೆ, ಸುತ್ತ ಹೊಂಗೆಯನ್ನೋ ಬೇವನ್ನೋ ಈಗಲೇ ನೆಟ್ಟರೆ, ಕಾಂಕ್ರೀಟಿನ ಖರ್ಚು ಅಷ್ಟು ಉಳಿದೀತು.

ಇನ್ನು ಬಸ್ಸು. ರಾತ್ರಿ ಏಳೂಕಾಲಕ್ಕೆ ಶುರುವಾಗುವ ಟಿ20 ಪಂದ್ಯ ಮುಗಿಯುವಾಗ ಹತ್ತೂವರೆ ದಾಟಿರುತ್ತದೆ. ಆ ಹೊತ್ತಿಗೆ ಇಲವಾಲದ ಕಡೆಯಿಂದ ಅಗ್ರಹಾರಕ್ಕೋ ಉದಯಗಿರಿಗೋ ಮಕ್ಕಳನ್ನು ಕರೆದುಕೊಂಡು ಮರಳಬೇಕಾದವರು ಆಟೋದವರ ಬಾಯಿಗೆ ಬಂದ ದರ ಕೊಡಬೇಕಾದರೆ ಎರಡನೆಯ ಪಂದ್ಯಕ್ಕೆ ಬರುವುದಿಲ್ಲ. ಗಂಗೋತ್ರಿಯಲ್ಲಾದರೆ ನಾವು ನಡೆದೇ ಹೋಗುತ್ತಿದ್ದೆವು. 2010ರ ಆ ಸಂಜೆ ಸೋತ ಮೇಲೂ ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯುದ್ದಕ್ಕೂ ಜನ ಆ ಆರು ರನ್ನುಗಳನ್ನು ಎಲ್ಲೆಲ್ಲಿ ಕದಿಯಬಹುದಿತ್ತೆಂದು ಲೆಕ್ಕ ಹಾಕುತ್ತ, ಸರಸ್ವತಿಪುರಂ ಬರುವವರೆಗೂ ಜಗಳವಾಡುತ್ತ ನಡೆದಿದ್ದರು.