ಓಟಿಪಿ ನನ್ನ ಫೋನಿಗೆ ಬರುತ್ತಿತ್ತು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಜಯದೇವ ಸರ್ಕಲ್‌ನಿಂದ ನಡೆದು ಬರುವಷ್ಟು ದೂರ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನು, ಬಾಗಿಲ ಹತ್ತಿರ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ವರ್ಷವೆಲ್ಲ ಪಹಣಿ, ಪ್ಯಾನ್ ಕಾರ್ಡು, ಬಸ್ ಪಾಸು ಅಂತ ಹೇಗೋ ನಡೆಯುತ್ತದೆ. ನಮ್ಮ ನಿಜವಾದ ಸುಗ್ಗಿ ಸೆಕೆಂಡ್ ಪಿಯುಸಿ ಮಕ್ಕಳದು. ಜನವರಿ, ಫೆಬ್ರವರಿಯಲ್ಲಿ ಸಿಇಟಿ ಅಪ್ಲಿಕೇಶನ್, ಅದರ ಹಿಂದೆಯೇ ನೀಟ್, ರಿಸಲ್ಟ್ ಬಂದ ಮೇಲೆ ಬೇಕಾದ ಕಾಲೇಜು, ಕೋರ್ಸು ಸಾಲಾಗಿ ಆರಿಸುವ ಆಪ್ಷನ್ ಎಂಟ್ರಿ, ಸೀಟು ಸಿಕ್ಕ ಮೇಲೆ ಸ್ಕಾಲರ್‌ಶಿಪ್. ಮಳೆಗಾಲ ಮುಗಿಯುವವರೆಗೂ ಅಂಗಡಿ ಮುಂದೆ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ.

ನಾನು ಸ್ಪೀಡು ಅಂತ ಹೆಸರು. ಬೇರೆಯವರು ಅರ್ಧ ಗಂಟೆ ತಗೊಂಡರೆ ನಾನು ಹತ್ತು ಹದಿನೈದು ನಿಮಿಷದಲ್ಲಿ ಒಂದು ಅಪ್ಲಿಕೇಶನ್ ಮುಗಿಸುತ್ತಿದ್ದೆ. ಅದರ ಗುಟ್ಟು ಹೇಳಿಬಿಡುತ್ತೇನೆ. ಮೊಬೈಲ್ ನಂಬರ್ ಕೇಳುವ ಜಾಗ ಬಂದರೆ ಮಕ್ಕಳ ನಂಬರ್ ಕೇಳುತ್ತಲೇ ಇರಲಿಲ್ಲ. ನನ್ನ ನಂಬರ್ ಹಾಕುತ್ತಿದ್ದೆ, ಇಲ್ಲಾ ಅಂಗಡಿಯದು. ಪಾಸ್‌ವರ್ಡ್ ಕೂಡ ನಾನೇ ಇಟ್ಟು ಒಂದು ಲಾಂಗ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹೆಸರು, ಅಪ್ಲಿಕೇಶನ್ ನಂಬರ್, ಪಾಸ್‌ವರ್ಡ್. ಮಕ್ಕಳ ಕೈಗೆ ಹೋಗುತ್ತಿದ್ದದ್ದು ಪ್ರಿಂಟ್ ಒಂದೇ.

ಹಾಗೆ ಮಾಡಲು ಕಾರಣ ಇತ್ತು. ಹಳ್ಳಿಯಿಂದ ಬಂದ ಅಪ್ಪನ ಕೈಯಲ್ಲಿ ಕೀಪ್ಯಾಡ್ ಫೋನು. ಅದರಲ್ಲಿ ಮೆಸೇಜ್ ತುಂಬಿ ಹೊಸದು ಬರುವುದಿಲ್ಲ. ಬಂದರೂ ಓದಲು ಕನ್ನಡಕ ತಂದಿರುವುದಿಲ್ಲ. ಇನ್ನೊಬ್ಬರ ಸಿಮ್ಮಿಗೆ ರೀಚಾರ್ಜ್ ಇಲ್ಲ. ಹಿಂದೆ ಹತ್ತು ಜನ ನಿಂತಿರುತ್ತಾರೆ. "ನಮಗೇನು ಗೊತ್ತಾಗುತ್ತೆ ಸಾರ್, ನೀವೇ ನೋಡಿ ಹಾಕ್ರಿ" ಅಂತ ಅವರೇ ಹೇಳುತ್ತಾರೆ. ನನಗೂ ಅನುಕೂಲ. ಮುಂದಿನ ಪ್ರತಿ ಹಂತಕ್ಕೂ ಅವರು ನನ್ನ ಹತ್ತಿರವೇ ಬರಬೇಕಲ್ಲ. ಇದು ಗಿರಾಕಿಯನ್ನು ಕಟ್ಟಿಹಾಕುವ ಉಪಾಯವೂ ಹೌದು. ಆಗ ನಾನು ಅದನ್ನು ಹಾಗಂತ ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಕೆಲವು ವರ್ಷದ ಹಿಂದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಗೆ ಸಿಇಟಿ ಹಾಕಿಕೊಟ್ಟಿದ್ದೆ. ಅಪ್ಪ ಮೆಕ್ಕೆಜೋಳ ಬೆಳೆಯುವವರು. ಮೊದಲ ಸುತ್ತಿನಲ್ಲೇ ಅವಳಿಗೆ ಇಲ್ಲೇ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಸೀಟು ಬಂತು. 1951ರಿಂದ ಇರುವ ಕಾಲೇಜು, ಊರಿನಿಂದ ಬಸ್ಸಿನ ದೂರ. ಅವರಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಸೀಟು ಬಂದ ಮಾತ್ರಕ್ಕೆ ಮುಗಿಯುವುದಿಲ್ಲ. ಲಾಗಿನ್ ಆಗಿ ಚಾಯ್ಸ್ ಒತ್ತಬೇಕು. ಒಂದನೇ ಚಾಯ್ಸ್ ಅಂದರೆ ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ ಅಂತ. ಮೂರನೆಯದು ಇದು ಬೇಡ, ಮುಂದಿನ ಸುತ್ತಿಗೆ ಮಾತ್ರ ಬರುತ್ತೇನೆ. ನಾಲ್ಕು ಅಂದರೆ ಯಾವುದೂ ಬೇಡ, ಹೊರಗೆ. ಏನೂ ಒತ್ತದೆ ಬಿಟ್ಟರೆ ಸೀಟು ಹೋಗುತ್ತದೆ. ಅದಕ್ಕೆ ಕೊಡುವುದು ಎರಡು ಮೂರು ದಿನ.

ಆ ಎರಡು ದಿನ ನಾನು ಮನೆಯವರ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದೆ. ಕೊನೆಯ ದಿನ ಯಾವುದು ಅಂತ ಸರಿಯಾಗಿ ನೋಡಿಯೂ ಇರಲಿಲ್ಲ. ಅಪ್ಪ ಮಗಳು ಬೆಳಗಿನ ಬಸ್ಸಿಗೆ ಬಂದಿದ್ದಾರೆ. ಶಟರ್ ಮೇಲೆ "ಎರಡು ದಿನ ರಜೆ" ಅಂತ ಚೀಟಿ. ಬೇರೆ ಸೆಂಟರ್‌ಗೆ ಹೋಗಿದ್ದಾರೆ. ಪಾಸ್‌ವರ್ಡ್ ಗೊತ್ತಿಲ್ಲ. ಅಲ್ಲಿಯವರು ಹೊಸ ಪಾಸ್‌ವರ್ಡ್‌ಗೆ ಓಟಿಪಿ ಕಳಿಸಿದ್ದಾರೆ. ಓಟಿಪಿ ಬಂದದ್ದು ನನ್ನ ಫೋನಿಗೆ. ನಾನು ಚಾರ್ಮಾಡಿ ಘಾಟಿಯಲ್ಲಿ, ಮಳೆ, ಮುಂದೆ ಲಾರಿ ಸಾಲು, ನೆಟ್‌ವರ್ಕ್ ಇಲ್ಲ, ಆಮೇಲೆ ಚಾರ್ಜೂ ಇಲ್ಲ. ರಾತ್ರಿ ರೂಮಿನಲ್ಲಿ ಫೋನ್ ಆನ್ ಮಾಡಿದರೆ ಒಂದರ ಮೇಲೊಂದು ಆರು ಓಟಿಪಿ ಬಿದ್ದವು. ಕೆಳಗೆ ಒಂದೇ ನಂಬರಿನಿಂದ ಹನ್ನೊಂದು ಮಿಸ್ಡ್ ಕಾಲ್. ಟೈಮ್ ಮುಗಿದು ಹೋಗಿತ್ತು.

ಹುಡುಗಿ ಇಲ್ಲೇ ಬಿಎಸ್ಸಿಗೆ ಸೇರಿದಳು. ಮ್ಯಾನೇಜ್‌ಮೆಂಟ್ ಸೀಟು ಅನ್ನೋ ಮಾತೇ ಆ ಮನೆಯಲ್ಲಿ ಬರುವ ಹಾಗಿರಲಿಲ್ಲ. ಅಪ್ಪ ಬಂದು ಗಲಾಟೆ ಮಾಡುತ್ತಾರೆ ಅಂತ ಒಂದು ವಾರ ಕಾದೆ. ಬರಲಿಲ್ಲ. ಬಂದು ಬೈದಿದ್ದರೆ ಚೆನ್ನಾಗಿತ್ತು.

ಮೂರ್ನಾಲ್ಕು ತಿಂಗಳಾದ ಮೇಲೆ ಅವಳೇ ಬಂದಳು, ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು. ನಾನು ಮುಖ ನೋಡದೆ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡೆ. "ಅಣ್ಣಾ, ನಾನೇ ಮಾಡ್ತೀನಿ, ಎಲ್ಲಿ ಒತ್ತಬೇಕು ಅಷ್ಟು ಹೇಳಿ" ಅಂದಳು. ಎದ್ದು ಜಾಗ ಬಿಟ್ಟೆ. ಮೌಸ್ ಹಿಡಿದ ಕೈ ಸ್ವಲ್ಪ ನಡುಗುತ್ತಿತ್ತು. ಜಿಲ್ಲೆ ಆರಿಸುವ ಪಟ್ಟಿಯಲ್ಲಿ ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ವಾಪಸ್ ದಾವಣಗೆರೆಗೆ ಬಂದಳು. ನಲವತ್ತು ನಿಮಿಷ ಆಯಿತು. ಪಾಸ್‌ವರ್ಡ್ ಇಡುವಾಗ "ಸ್ವಲ್ಪ ಆ ಕಡೆ ನೋಡಿ ಅಣ್ಣಾ" ಅಂದಳು. ರಸ್ತೆ ಕಡೆ ತಿರುಗಿ ನಿಂತೆ.

ಅವತ್ತಿನಿಂದ ಲಾಂಗ್ ಬುಕ್ ನಿಂತಿತು. ಎರಡನೇ ಮಾನಿಟರ್ ಒಂದನ್ನು ಗಿರಾಕಿ ಕಡೆಗೆ ತಿರುಗಿಸಿಟ್ಟಿದ್ದೇನೆ. ಟೈಪ್ ಮಾಡುವುದು ಮಕ್ಕಳು, ಪಕ್ಕದಲ್ಲಿ ನಾನು. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಅಪ್ಲಿಕೇಶನ್ ಆಗುತ್ತಿದ್ದ ಕಡೆ ಈಗ ಹನ್ನೆರಡೋ ಹದಿಮೂರೋ. ಪಕ್ಕದ ಅಂಗಡಿಯವರು ನಗುತ್ತಾರೆ. ನಗಲಿ.

ಒಂದು ಗಮನಿಸಿದೆ. ತಾನೇ ತುಂಬಿದರೆ ಮಗು ಪ್ರಶ್ನೆ ಕೇಳುತ್ತದೆ. ನಾನು ತುಂಬುವಾಗ ಯಾರೂ ಕೇಳುತ್ತಿರಲಿಲ್ಲ. ಗ್ರಾಮೀಣ ಕೋಟಾ ನೋಡಿ. ಸಿಇಟಿಯಲ್ಲಿ ಅದು ಶೇ 15. ಒಂದರಿಂದ ಹತ್ತನೇ ಕ್ಲಾಸು ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ಹಳ್ಳಿ ಹುಡುಗ ಅಂತ ಕಂಡರೆ ನಾನು ಸುಮ್ನೆ ಟಿಕ್ ಹಾಕುತ್ತಿದ್ದೆ. ಈಗ ಮಕ್ಕಳೇ ಕೇಳುತ್ತಾರೆ: "ಎಂಟರಿಂದ ಹತ್ತು ಜಗಳೂರಲ್ಲಿ ಓದಿದೀನಿ, ಅದು ಹಳ್ಳಿನಾ?" ಜಗಳೂರು ಪಟ್ಟಣ ಪಂಚಾಯಿತಿ. ಆ ಮಿತಿಯೊಳಗಿನ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೇ ಹುಡುಗ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಶೇ 5 ಅವನಿಗೆ ಸಿಗುತ್ತದೆ. ಹಳೇ ಶಾಲೆಗೆ ಹೋಗಿ ಸ್ಟಡಿ ಸರ್ಟಿಫಿಕೇಟ್ ತಂದು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಓ ಸಹಿ ಹಾಕಿಸಬೇಕು. ಮೂರು ಶಾಲೆಯಲ್ಲಿ ಓದಿದ್ದರೆ ಮೂರು ಕಡೆ ಓಡಾಟ. ಇದನ್ನು ನವೆಂಬರ್‌ನಲ್ಲೇ ಮುಗಿಸಿಕೊಳ್ಳಿ ಅಂತ ನಾನು ಹೇಳುವುದು.

ಹರಪನಹಳ್ಳಿ ಕಡೆಯವರದು ಬೇರೆ ಕಥೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಆ ತಾಲ್ಲೂಕು ನಮಗೆ ಬಂದಿತ್ತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಓದುವುದು, ಸಂತೆ, ಆಸ್ಪತ್ರೆ ಎಲ್ಲ ಇಲ್ಲೇ ಆದ್ದರಿಂದ ಎಷ್ಟೋ ಮಕ್ಕಳಿಗೆ ತಮಗೆ 371 ಜೆ, ಅಂದರೆ ಬಳ್ಳಾರಿ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಲ್ಲಿರುವ ಮೀಸಲಾತಿ, ಸಿಗುತ್ತದೆ ಅಂತಲೇ ಹೊಳೆಯುವುದಿಲ್ಲ. ಉಪವಿಭಾಗಾಧಿಕಾರಿ ಕೊಡುವ ಪ್ರಮಾಣಪತ್ರ ಇದ್ದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರ ಪಾಲು ಸಿಗುತ್ತದೆ, ಉಳಿದ ಕಡೆಯ ಕಾಲೇಜುಗಳಲ್ಲೂ ಶೇ 8 ಇದೆ.

ಕ್ಯಾಸ್ಟ್ ಇನ್ಕಮ್ ವಿಷಯದಲ್ಲಿ ಒಂದು ಲೆಕ್ಕ ಇದೆ. ಇನ್ಕಮ್ ಸರ್ಟಿಫಿಕೇಟಿಗೆ ಐದು ವರ್ಷ ಆಯಸ್ಸು. ಸುಮಾರು ಮಕ್ಕಳು ಅದನ್ನು ಎಂಟನೇ ಕ್ಲಾಸಿನಲ್ಲಿ ಮಾಡಿಸಿರುತ್ತಾರೆ. ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು. ಸರಿಯಾಗಿ ಸೀಟು ಸಿಗುವ ಹೊತ್ತಿಗೆ ಸತ್ತಿರುತ್ತದೆ! ಸರ್ಟಿಫಿಕೇಟಿನ ಮೇಲೆ ಆರ್‌ಡಿ ನಂಬರ್ ಇದೆಯಲ್ಲಾ ಅಂತ ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಡುತ್ತಾರೆ. ನಾನು ಮೊದಲು ನೋಡುವುದು ಅದರ ತಾರೀಖು, ಆಮೇಲೆ ಹೆಸರು.

ಸ್ಕಾಲರ್‌ಶಿಪ್‌ನಲ್ಲಿ ಜಾಸ್ತಿ ಜಗಳ ಆಗುವುದು ಬ್ಯಾಂಕ್ ಖಾತೆಯಿಂದ. ಪೋರ್ಟಲ್‌ನಲ್ಲಿ ಹಣ ಹಾಕಿದೆ ಅಂತ ಇರುತ್ತದೆ, ಪಾಸ್‌ಬುಕ್ಕಿನಲ್ಲಿ ಇರುವುದಿಲ್ಲ. ಹಣ ಹೋಗುವುದು ಆಧಾರ್ ಜೋಡಣೆ ಆಗಿರುವ ಖಾತೆಗೆ, ನೀವು ಜೆರಾಕ್ಸ್ ತಂದ ಖಾತೆಗಲ್ಲ. ಒಬ್ಬ ಹುಡುಗನ ದುಡ್ಡು ಅವನು ಪ್ರೈಮರಿಯಲ್ಲಿದ್ದಾಗ ತೆರೆದ ಖಾತೆಗೆ ಹೋಗಿ ಎರಡು ವರ್ಷ ಕೂತಿತ್ತು. ಖಾತೆ ಇದೆ ಅನ್ನುವುದೇ ಮನೆಯವರಿಗೆ ಮರೆತಿತ್ತು. ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿಯದು ಇನ್ನೊಂದು ಬಗೆ. 2021ರಲ್ಲಿ ಶುರುವಾದಾಗ ಇಂಜಿನಿಯರಿಂಗ್, ಮೆಡಿಕಲ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಅಂತ ಇಟ್ಟರು. ಅದಕ್ಕೆ ಅಪ್ಪ ಅಮ್ಮನಿಗೆ ಫ್ರೂಟ್ಸ್ ಐಡಿ, ಅಂದರೆ ಜಮೀನಿನ ವಿವರ ಇರುವ ರೈತರ ನೋಂದಣಿ ನಂಬರ್ ಬೇಕು. ಅಪ್ಪ ಹೊಲದಲ್ಲೇ ಹುಟ್ಟಿ ಬೆಳೆದಿರುತ್ತಾರೆ, ಪಹಣಿ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ. ಅದನ್ನು ಸೈಬರ್ ಸೆಂಟರ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ. ಆದರೂ ನನ್ನ ಮೇಲೇ ರೇಗುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುವುದುಂಟು. ಅದರ ಹೆಸರು ಹೇಳಿದರೆ ಮಾತ್ರ ಸಿಟ್ಟು ಇಳಿಯುತ್ತದೆ.

ಹೋದ ಸುಗ್ಗಿಯಲ್ಲಿ ಹರಪನಹಳ್ಳಿ ಕಡೆಯ ಹುಡುಗನೊಬ್ಬ ತಾಯಿ ಜೊತೆ ಬಂದ. ಹೊಸ ಸಿಮ್, ಅವನದೇ ಹೆಸರಿನದು. ನಂಬರ್ ತಾನೇ ಹಾಕಿದ. ತಾಯಿ ನನ್ನ ಟೇಬಲ್ ಮೇಲಿದ್ದ ಫೋನನ್ನೇ ನೋಡುತ್ತಿದ್ದರು. "ನಿಮ್ಮದಕ್ಕೆ ಬರಲ್ವೇನ್ರಿ ಸಾರ್?" ಅಂದರು. ಇಲ್ಲಮ್ಮ, ನಿಮ್ಮ ಮಗನದಕ್ಕೇ ಅಂದೆ. ಅವನ ಜೇಬಿನಲ್ಲಿ ಫೋನ್ ಗುಂಯ್ ಅಂದಿತು. ತೆಗೆದು ಒಂದೊಂದೇ ಅಂಕಿ ಜೋರಾಗಿ ಓದುತ್ತಾ ಒತ್ತಿದ. ತಪ್ಪಾಯಿತು. ಇನ್ನೊಂದು ಓಟಿಪಿಗೆ ಕಾದು ಕೂತೆವು. ಹಿಂದೆ ಏಳು ಜನ ನಿಂತಿದ್ದರು.