ಹನ್ನೆರಡು ದಿನಗಳ ಖಾಯಂ ವಾಸ

ಕೆನಡಾದ ಖಾಯಂ ನಿವಾಸದ ದೃಢೀಕರಣ ಪತ್ರವೂ ವೀಸಾ ಅಂಟಿಸಿದ ಮೂರು ಪಾಸ್‌ಪೋರ್ಟುಗಳೂ ದುಬೈಯ ನಮ್ಮ ಮನೆಗೆ ಬಂದದ್ದು 2018ರ ಜುಲೈ ತಿಂಗಳಲ್ಲಿ. ಪತ್ರದ ಮೇಲೆ ಕೊನೆಯ ದಿನಾಂಕ 2019ರ ಜನವರಿ 15 ಎಂದಿತ್ತು. ವೈದ್ಯಕೀಯ ತಪಾಸಣೆಯಾದ ದಿನದಿಂದ ಹನ್ನೆರಡು ತಿಂಗಳು ಅಥವಾ ಪಾಸ್‌ಪೋರ್ಟಿನ ಅವಧಿ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಷ್ಟೇ ಆ ಪತ್ರದ ಆಯುಷ್ಯ. ನಾವು ಜನವರಿಯಲ್ಲಿ ತಪಾಸಣೆ ಮಾಡಿಸಿಕೊಂಡಿದ್ದೆವು. ಕಾಗದಗಳು ಕಚೇರಿಯಿಂದ ಕಚೇರಿಗೆ ಸಾಗುವಷ್ಟರಲ್ಲಿ ಅದರ ಅರ್ಧ ವರ್ಷ ಕರಗಿಹೋಗಿತ್ತು. ಅವಧಿಯನ್ನು ವಿಸ್ತರಿಸಿಕೊಡುವ ಕ್ರಮ ಇಲ್ಲ. ಆ ದಿನದೊಳಗೆ ಕೆನಡಾದ ನೆಲದ ಮೇಲೆ ನಿಂತು ಸಹಿ ಹಾಕದಿದ್ದರೆ ಇಡೀ ಅರ್ಜಿಯನ್ನು ಮತ್ತೆ ಮೊದಲಿನಿಂದ ಹಾಕಬೇಕು.

ಆದರೆ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ಮನೆ ಬಾಡಿಗೆಗೆ ವರ್ಷದ ನಾಲ್ಕು ಚೆಕ್ಕುಗಳನ್ನು ಮುಂಗಡವಾಗಿ ಕೊಟ್ಟಾಗಿತ್ತು, ಮಗಳ ಶಾಲೆ ಮಾರ್ಚಿನವರೆಗೆ ಇತ್ತು, ನಾನು ಕೈಗೆತ್ತಿಕೊಂಡಿದ್ದ ಕೆಲಸ ಮುಗಿಯಲು ಇನ್ನೆರಡು ವರ್ಷವಾದರೂ ಬೇಕಿತ್ತು. ಹಾಗೆಂದು ಪತ್ರವನ್ನು ಬಿಟ್ಟುಕೊಡುವ ಧೈರ್ಯವೂ ಇರಲಿಲ್ಲ, ಏಕೆಂದರೆ ಕೊಲ್ಲಿಯಲ್ಲಿ ಹನ್ನೊಂದು ವರ್ಷ ದುಡಿದವನಿಗೂ ಕೆಲಸ ಹೋದ ದಿನವೇ ವೀಸಾದ ದಿನಗಳು ಎಣಿಕೆಗೆ ಬೀಳುತ್ತವೆ. ಇಂಥವರು ಹಿಡಿಯುವ ದಾರಿಯೆಂದರೆ ರಜೆಯಲ್ಲಿ ಹೋಗಿ, ಪ್ರವೇಶದ ವಿಧಿಗಳನ್ನು ಮುಗಿಸಿ, ಇದ್ದಲ್ಲಿಗೆ ಮರಳುವುದು. ವಲಸೆ ಹೋಗುವವರು ಇದಕ್ಕೆ 'ಸಾಫ್ಟ್ ಲ್ಯಾಂಡಿಂಗ್' ಎನ್ನುತ್ತಾರೆ. ಆ ಮಾತು ಕೇಳಿದಾಗ ನನ್ನ ತಮ್ಮ ಚಂದ್ರಯಾನವನ್ನೇ ನೆನೆದು ನಕ್ಕಿದ್ದ. ಕಾನೂನಿನಲ್ಲಿ ಹಾಗೊಂದು ಪದವಿಲ್ಲ. ಅಲ್ಲಿಯೇ ಉಳಿಯುವವನಿಗೂ ವಾರದಲ್ಲಿ ಹಿಂದಿರುಗುವವನಿಗೂ ಲ್ಯಾಂಡಿಂಗ್ ಒಂದೇ. ಹಡಗಿನಿಂದಿಳಿದು ದಡ ಸೇರುತ್ತಿದ್ದ ಕಾಲದ ಪದ ಇದು. ಹ್ಯಾಲಿಫ್ಯಾಕ್ಸ್ ಬಂದರಿನ 21ನೇ ಕಟ್ಟೆಯಲ್ಲಿ 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ಜನ ಹಾಗೆ ಇಳಿದಿದ್ದರು, ಮತ್ತು ಖಾಯಂ ನಿವಾಸಿಗಳನ್ನು 'ಲ್ಯಾಂಡೆಡ್ ಇಮಿಗ್ರಂಟ್' ಎಂದು ಕರೆಯುವ ಹಿರಿಯರು ಇಂದಿಗೂ ಅಲ್ಲಿದ್ದಾರೆ.

ಡಿಸೆಂಬರ್ 18ಕ್ಕೆ ಟಿಕೆಟ್ ತೆಗೆದೆವು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಡೆಯುವುದು ಕೆಲವೇ ನಿಮಿಷಗಳ ಕೆಲಸವಾದರೂ ಅದರ ಹಿಂದಿನ ಎರಡು ತಿಂಗಳು ನಮ್ಮನ್ನು ದುಡಿಸಿದ್ದು ಸಾಮಾನುಗಳ ಪಟ್ಟಿ. ಹೊಸದಾಗಿ ನೆಲೆಸಲು ಬರುವವರು ತಾವು ಮೊದಲೇ ಹೊಂದಿದ್ದು ಬಳಸಿದ ವಸ್ತುಗಳನ್ನು ಸುಂಕವಿಲ್ಲದೆ ತರಬಹುದು. ಆದರೆ ಮೊದಲ ಸಲ ಇಳಿಯುವಾಗಲೇ ಎರಡು ಪಟ್ಟಿಗಳನ್ನು ಕಸ್ಟಮ್ಸ್‌ನವರಿಗೆ ಒಪ್ಪಿಸಬೇಕು: ಒಂದು ಜೊತೆಯಲ್ಲಿ ತಂದದ್ದು, ಇನ್ನೊಂದು ಮುಂದೆ ಬರಲಿರುವುದು. ಕೈಬೀಸಿಕೊಂಡು ಹೋದವರೂ ಎರಡನೆಯ ಪಟ್ಟಿಯನ್ನು ಕೊಡಲೇಬೇಕು. ಅದಕ್ಕೆ ಬಿಎಸ್‌ಎಫ್ 186 ಎಂಬ ನಮೂನೆ ಇದೆ, ಹಳಬರು ಅದನ್ನು ಬಿ4 ಎನ್ನುತ್ತಾರೆ. ಅಂದು ಪಟ್ಟಿಯಲ್ಲಿ ಸೇರದ ವಸ್ತು ಮುಂದೊಂದು ದಿನ ಬಂದಾಗ ಅದಕ್ಕೆ ಸುಂಕ ಬೀಳಬಹುದು.

ಮೂರು ವರ್ಷಗಳ ನಂತರ ಯಾವುದನ್ನು ಕೊಂಡೊಯ್ಯುತ್ತೇವೆ ಎಂದು ಇಂದೇ ಹೇಳುವುದು ಹೇಗೆ? ನನ್ನ ಹೆಂಡತಿ ಒಂದು ನಿಯಮ ಮಾಡಿದಳು: ಅನುಮಾನವಿದ್ದರೆ ಬರೆ. ಬರೆದದ್ದನ್ನು ತರದಿದ್ದರೆ ಯಾರೂ ಕೇಳುವುದಿಲ್ಲ, ಬರೆಯದ್ದನ್ನು ತಂದರೆ ಕೇಳುತ್ತಾರೆ. ಹೀಗೆ ದುಬೈಯ ಎರಡು ಕೋಣೆಗಳ ಮನೆಯದು ಮಾತ್ರವಲ್ಲದೆ ಉಡುಪಿಯ ಮನೆಯ ಅಟ್ಟದಲ್ಲಿದ್ದ, ನಮ್ಮದೆಂದು ಹೇಳಿಕೊಳ್ಳಬಹುದಾದ ಎಲ್ಲವೂ ಪಟ್ಟಿಗೆ ಬಂದವು. ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಕಾಲುದೀಪ, ಉರುಳಿ, ಹೊಲಿಗೆ ಯಂತ್ರ, ಮಗಳ ಸೈಕಲ್ಲು, ನಾಲ್ಕು ಪೆಟ್ಟಿಗೆ ಪುಸ್ತಕ. ಶಾವಿಗೆ ಒತ್ತುವ ಮಣೆಯ ಬಳಿ ಬಂದು ನಿಂತೆವು, ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು? ಕೊನೆಗೆ 'ಮರದ ನೂಡಲ್ ಪ್ರೆಸ್' ಎಂದು ಬರೆದು ಎದುರಿಗೆ ಹದಿನೈದು ಡಾಲರ್ ಎಂದು ಬೆಲೆ ಕಟ್ಟಿದೆವು. ರುಬ್ಬುವ ಗ್ರೈಂಡರನ್ನೂ ಉತ್ಸಾಹದಿಂದ ಸೇರಿಸಿದೆ. ಕೆನಡಾದ ಮನೆಗಳಲ್ಲಿ ಬರುವುದು 120 ವೋಲ್ಟಿನ ವಿದ್ಯುತ್ತೆಂಬುದು, ನಮ್ಮ ಗ್ರೈಂಡರು ಅಲ್ಲಿ ಬರೀ ಕಲ್ಲಾಗಿ ಕೂರುತ್ತದೆಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಚಿನ್ನದ ವಿಷಯದಲ್ಲಿ ಮಾತ್ರ ತಮಾಷೆ ನಡೆಯುವುದಿಲ್ಲ. ಒಂದೊಂದು ಆಭರಣವನ್ನೂ ಪ್ರತ್ಯೇಕವಾಗಿ ವರ್ಣಿಸಬೇಕು, ಫೋಟೊ ಮತ್ತು ಮೌಲ್ಯಪತ್ರ ಇದ್ದರೆ ಒಳ್ಳೆಯದು. ಒಂದೇ ವಸ್ತುವಿನ ಬೆಲೆ ಹತ್ತು ಸಾವಿರ ಕೆನಡಿಯನ್ ಡಾಲರನ್ನು ಮೀರಿದರೆ ಮೀರಿದ ಭಾಗಕ್ಕೆ ಸುಂಕ ತೆರಬೇಕು. ನಮ್ಮಲ್ಲಿ ಅಷ್ಟು ಭಾರದ ಒಡವೆ ಇರಲಿಲ್ಲ, ಆದರೂ ಬ್ಯಾಂಕಿನ ಲಾಕರಿನಲ್ಲಿದ್ದ ಬಳೆ, ಸರಗಳ ಲೆಕ್ಕ ಬೇಕಿತ್ತು. ಊರಿಗೆ ಹೋಗಿದ್ದಾಗ ಅಕ್ಕಸಾಲಿಗರಲ್ಲಿ ತೂಗಿಸಿ ಚೀಟಿ ಬರೆಸಿಕೊಂಡೆವು. ಅವರು ವಾಡಿಕೆಯಂತೆ ಎಲ್ಲವನ್ನೂ ಪವನಿನಲ್ಲಿ ಬರೆದುಕೊಟ್ಟರು. ಟೊರೊಂಟೊದ ಅಧಿಕಾರಿಗೆ ಪವನು ಅರ್ಥವಾಗುವುದಿಲ್ಲವೆಂದು ಗ್ರಾಮಿನಲ್ಲಿ ಮತ್ತೆ ಬರೆಸಿದೆವು. ಕರಿಮಣಿ ಸರ ಹೆಂಡತಿಯ ಕೊರಳಲ್ಲೇ ಇರುವುದರಿಂದ ಅದು ಮೊದಲನೆಯ ಪಟ್ಟಿಗೆ ಸೇರಿತು.

ಸುಮಾರು ಹದಿನಾಲ್ಕು ಗಂಟೆ ಹಾರಿ ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ಯಂತ್ರದ ಮುಂದೆ ನಿಂತು ಘೋಷಣೆಗಳನ್ನು ಒತ್ತಿ, ಬಂದ ಚೀಟಿ ಹಿಡಿದು, ವಲಸೆ ವಿಭಾಗದ ಕೋಣೆಗೆ ಹೋದರೆ ಅಲ್ಲಿ ಬೆಂಚುಗಳ ತುಂಬ ನಮ್ಮಂಥವರೇ. ಬಹುಪಾಲು ಪಂಜಾಬಿ ಮತ್ತು ಚೀನೀ ಮಾತು, ನಡುವೆ ಮಕ್ಕಳ ಅಳು. ಒಂದೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಅಧಿಕಾರಿ ಮಧ್ಯವಯಸ್ಸಿನ ಮಹಿಳೆ, ನಿಧಾನ ಮಾತು. ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಯಾವ ದೇಶದಿಂದಲಾದರೂ ಹೊರಹಾಕಲ್ಪಟ್ಟಿದ್ದೀರಾ, ಎಷ್ಟು ಹಣ ತಂದಿದ್ದೀರಿ, ಈ ಪತ್ರದಲ್ಲಿ ಹೆಸರಿಲ್ಲದ ಬೇರೆ ಮಕ್ಕಳಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಯ ಪ್ರಶ್ನೆಯನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅರ್ಜಿ ಹಾಕಿದ ನಂತರ ಮಗು ಹುಟ್ಟಿದ್ದರೆ ಅಥವಾ ಮದುವೆಯಾಗಿದ್ದರೆ ಅದನ್ನು ಲ್ಯಾಂಡಿಂಗ್‌ಗೆ ಮೊದಲೇ ತಿಳಿಸಬೇಕು. ಮುಚ್ಚಿಟ್ಟು ಸಹಿ ಹಾಕಿದರೆ ಆ ಸಂಬಂಧಿಯನ್ನು ಮುಂದೆ ಕುಟುಂಬದ ನೆಲೆಯಲ್ಲಿ ಕರೆಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುವ ಸಂಭವವಿದೆ. ಹಣದ ಪ್ರಶ್ನೆಗೂ ನೇರ ಉತ್ತರ ಬೇಕು. ಹತ್ತು ಸಾವಿರ ಡಾಲರು ಅಥವಾ ಅದಕ್ಕಿಂತ ಹೆಚ್ಚಿನ ನಗದು, ಡ್ರಾಫ್ಟ್ ತರಲು ಅಡ್ಡಿಯೇನಿಲ್ಲ, ಹೇಳದೆ ತರುವುದು ತಪ್ಪು.

ನಾನು ತಿಂಗಳುಗಟ್ಟಲೆ ಹೆದರಿದ್ದ ಪ್ರಶ್ನೆಯೂ ಬಂತು: "ನೀವು ಇಲ್ಲಿಯೇ ಇರುತ್ತೀರಾ?" ಹೌದು ಎಂದು ಸುಳ್ಳು ಹೇಳುವಂತೆ ಸಲಹೆ ಕೊಟ್ಟವರಿದ್ದರು. ನಾನು ಹಿಂದಿರುಗುವ ಟಿಕೆಟನ್ನು ಮುಂದಿಟ್ಟು, ಕೆಲಸವನ್ನೂ ಮಗಳ ಓದನ್ನೂ ಒಂದು ಹಂತಕ್ಕೆ ತಂದು ಮರಳುತ್ತೇವೆಂದೆ. ಆಕೆ ಹುಬ್ಬೇರಿಸಲೂ ಇಲ್ಲ. "ಐದು ವರ್ಷಗಳಲ್ಲಿ 730 ದಿನ, ನೆನಪಿರಲಿ" ಎಂದಷ್ಟೇ ಹೇಳಿ ಪತ್ರಗಳನ್ನು ನಮ್ಮ ಕಡೆ ತಿರುಗಿಸಿದರು. ಖಾಯಂ ನಿವಾಸಿಯಾಗಿ ಉಳಿಯಬೇಕಾದರೆ ಕೆನಡಾದಲ್ಲಿ ಇರಬೇಕಾದ ದಿನಗಳ ಲೆಕ್ಕ ಅದು. ಸಹಿ ಹಾಕುವ ಮುನ್ನ ಹೆಸರು, ಹುಟ್ಟಿದ ದಿನ, ಎತ್ತರ, ಕಣ್ಣಿನ ಬಣ್ಣ ಎಲ್ಲವನ್ನೂ ಓದಿಕೊಳ್ಳಬೇಕು, ಏಕೆಂದರೆ ಸಹಿಯ ನಂತರದ ತಿದ್ದುಪಡಿಗೆ ಬೇರೆಯೇ ಅರ್ಜಿ ಇದೆ. ತುಮಕೂರಿನ ಕಡೆಯವಳಾದ ನನ್ನ ಹೆಂಡತಿಗೆ ಪಾಸ್‌ಪೋರ್ಟಿನಲ್ಲಿ ಕುಲನಾಮವಿಲ್ಲ, ಇರುವ ಒಂದೇ ಹೆಸರು ಅಲ್ಲಿ ಕುಲನಾಮದ ಜಾಗದಲ್ಲಿ ಕೂತಿತ್ತು. ಅದು ತಪ್ಪಲ್ಲ, ಒಂಟಿ ಹೆಸರಿನವರನ್ನು ಅವರು ಹಾಗೆಯೇ ದಾಖಲಿಸುತ್ತಾರೆ. "ವೆಲ್ಕಮ್ ಟು ಕೆನಡಾ" ಎಂಬ ಮಾತಿಗೆ ಮಗಳು ಮಾತ್ರ ಜೋರಾಗಿ "ಥ್ಯಾಂಕ್ಯೂ" ಎಂದಳು. ನಾವಿಬ್ಬರೂ ಕಾಗದಗಳನ್ನು ಎಣಿಸುತ್ತಿದ್ದೆವು.

ಎಡವಿದ್ದು ಸುಲಭವೆಂದುಕೊಂಡ ಕಡೆ. ಖಾಯಂ ನಿವಾಸಿಯ ಗುರುತಾದ ಪಿಆರ್ ಕಾರ್ಡನ್ನು ಅಂಚೆಯಲ್ಲಿ ಕೆನಡಾದ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ, ಹೊರದೇಶಕ್ಕೆ ಕಳಿಸುವುದಿಲ್ಲ. ಟೊರೊಂಟೊದ ಪಕ್ಕದ ಮಿಸಿಸಾಗಾದಲ್ಲಿರುವ ನನ್ನ ಸಹಪಾಠಿಯ ವಿಳಾಸವನ್ನು ಅಧಿಕಾರಿ ಟೈಪು ಮಾಡಿ ಪರದೆಯನ್ನು ನನಗೆ ತೋರಿಸಿದರು. ರಸ್ತೆಯ ಹೆಸರು, ಪಿನ್‌ಕೋಡು ಸರಿಯಿದ್ದವು, ತಲೆಯಾಡಿಸಿದೆ. ಅಪಾರ್ಟ್‌ಮೆಂಟಿನ ಮನೆ ಸಂಖ್ಯೆ ಬಿಟ್ಟುಹೋಗಿದ್ದನ್ನು ನಾನು ನೋಡಲಿಲ್ಲ. ಇನ್ನೂರು ಮನೆಗಳಿರುವ ಆ ಕಟ್ಟಡಕ್ಕೆ ಬಂದ ಲಕೋಟೆ ಯಾರ ಡಬ್ಬಿಗೂ ಸೇರದೆ ಹಿಂದಿರುಗಿತು. ಮಾರ್ಚ್ ಬಂದರೂ ಕಾರ್ಡಿಲ್ಲ. "ನೀನು ಎಂತ ವಿಳಾಸ ಕೊಟ್ಟದ್ದು ಮಾರಾಯ?" ಎಂದು ಗೆಳೆಯ ಫೋನಿನಲ್ಲಿ ಕೇಳಿದಾಗಲೇ ನಾನು ಆ ಪರದೆಯನ್ನು ನೆನಪಿಸಿಕೊಂಡದ್ದು. ಇಳಿದ ದಿನದಿಂದ 180 ದಿನಗಳೊಳಗೆ ವಿಳಾಸ ಕೊಡದಿದ್ದರೆ ಶುಲ್ಕ ತುಂಬಿ ಹೊಸದಾಗಿ ಅರ್ಜಿ ಹಾಕಬೇಕು. ನಮಗಿನ್ನೂ ಮೂರು ತಿಂಗಳು ಇದ್ದವು, ಆನ್‌ಲೈನಿನಲ್ಲಿ ತಿದ್ದಿದೆವು, ಮೇ ಮೊದಲ ವಾರ ಮೂರೂ ಕಾರ್ಡುಗಳು ಬಂದವು. ಜುಲೈನಲ್ಲಿ ಗೆಳೆಯನೂ ನಾನೂ ಊರಿಗೆ ಹೋದಾಗ ಅವು ನನ್ನ ಕೈ ಸೇರಿದ್ದು ಉಡುಪಿಯ ರಥಬೀದಿಯಲ್ಲಿ. ಕಾರ್ಡಿಲ್ಲದಿದ್ದರೆ ಮತ್ತೆ ಕೆನಡಾದ ವಿಮಾನ ಹತ್ತಲು ಅವರ ವೀಸಾ ಕಚೇರಿಯಿಂದ ಪ್ರಯಾಣ ಪತ್ರ ಪಡೆಯಬೇಕಾಗುತ್ತಿತ್ತು. ವೀಸಾ ಒಂದೇ ಪ್ರವೇಶಕ್ಕೆ, ಸಹಿಯಾದ ದೃಢೀಕರಣ ಪತ್ರವಂತೂ ಪ್ರಯಾಣಕ್ಕೆ ಬರುವುದಿಲ್ಲ. ಹಾಗೆಂದು ಅದನ್ನು ಎಸೆಯಬಾರದು. ಮುಂದೆ ನಾಗರಿಕತ್ವದ ಅರ್ಜಿಯ ಹೊತ್ತಿಗೂ ಅದು ಉಪಯೋಗಕ್ಕೆ ಬರಬಹುದು.

ಉಳಿದ ದಿನಗಳಲ್ಲಿ ಮಾಡಿದ್ದು ಸ್ವಲ್ಪವೇ. ಸರ್ವಿಸ್ ಕೆನಡಾ ಕಚೇರಿಯಲ್ಲಿ ಕೆಲಸಕ್ಕೂ ತೆರಿಗೆಗೂ ಬೇಕಾಗುವ ಒಂಬತ್ತು ಅಂಕಿಗಳ ಸೋಷಿಯಲ್ ಇನ್ಶೂರೆನ್ಸ್ ಸಂಖ್ಯೆ ಪಡೆದೆವು, ಅದಕ್ಕೆ ಹಣವಿಲ್ಲ. ಒಂದು ಬ್ಯಾಂಕ್ ಖಾತೆ ತೆರೆದೆವು. ಆರೋಗ್ಯ ವಿಮೆಯ ಕಾರ್ಡಿಗೂ ಮಕ್ಕಳ ಭತ್ಯೆಗೂ ಈಗಲೇ ಅರ್ಜಿ ಹಾಕಿಬಿಡಿ ಎಂದು ಹಿತವರೊಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಅವೆರಡೂ ಅಲ್ಲಿ ನಿಜವಾಗಿ ವಾಸಿಸುವವರಿಗೆ ಇರುವಂಥವು. ತೆರಿಗೆಯ ದೃಷ್ಟಿಯಲ್ಲಿ ಯಾವ ದೇಶದ ನಿವಾಸಿ ಎಂಬುದು ಮನೆ, ಸಂಸಾರ, ಇಂಥ ನಂಟುಗಳ ಮೇಲೆ ತೀರ್ಮಾನವಾಗುವ ವಿಷಯ, ಸಹಿಯೊಂದರಿಂದಲ್ಲ. ಒಂದು ಕೈಯಲ್ಲಿ ಭತ್ಯೆ ಪಡೆಯುತ್ತ ಇನ್ನೊಂದು ಕೈಯಲ್ಲಿ ನಾನಿಲ್ಲಿಯವನಲ್ಲ ಎಂದು ತೆರಿಗೆ ಇಲಾಖೆಗೆ ಬರೆಯುವುದು ನನಗಂತೂ ಸರಿಕಾಣಲಿಲ್ಲ.

ಡಿಸೆಂಬರ್ 29ರಂದು ಹಿಂದಿರುಗಿದೆವು. ಕೆನಡಾದಿಂದ ಹೊರಡುವಾಗ ಇಮಿಗ್ರೇಷನ್ ಕೌಂಟರೂ ಇಲ್ಲ, ಪಾಸ್‌ಪೋರ್ಟಿಗೆ ಠಸ್ಸೆಯೂ ಬೀಳುವುದಿಲ್ಲ. ಹಾಗಾಗಿ ದಿನಗಳ ಲೆಕ್ಕವನ್ನು ನಾವೇ ಇಡಬೇಕು. ಒಂದು ನೋಟು ಪುಸ್ತಕದ ಮೊದಲ ಪುಟಕ್ಕೆ ಬೋರ್ಡಿಂಗ್ ಪಾಸುಗಳನ್ನು ಅಂಟಿಸಿ, ಬಂದ ದಿನವನ್ನೂ ಹೋದ ದಿನವನ್ನೂ ಸೇರಿಸಿ, 12 ಎಂದು ಬರೆದೆ. ಉಳಿದದ್ದು 718. ಐದು ವರ್ಷಗಳ ಗಡಿಯಾರ ಆಗಲೇ ಓಡತೊಡಗಿತ್ತು. 2021ರ ಡಿಸೆಂಬರಿನೊಳಗೆ ಹೋಗದಿದ್ದರೆ ಗಣಿತವೇ ಕೈಬಿಡುತ್ತಿತ್ತು.

ನಡುವೆ ಕೊರೊನಾ ಬಂತು. ಪತ್ರ ಕೈಯಲ್ಲಿದ್ದೂ ಲ್ಯಾಂಡಿಂಗ್ ಮಾಡಿರದ ಎಷ್ಟೋ ಜನ 2021ರ ಜೂನ್ 21ರವರೆಗೆ ಹೊರಗೇ ಕಾಯಬೇಕಾಯಿತು. ನಾವು ಆ ಆಗಸ್ಟ್ 14ರಂದು ಕಾರ್ಡು ತೋರಿಸಿ ಒಳಗೆ ಹೋದೆವು. ಅಕ್ಟೋಬರಿನಲ್ಲಿ ದುಬೈಯ ಜೆಬೆಲ್ ಅಲಿ ಬಂದರಿನಿಂದ ಸಾಮಾನುಗಳು ಬಂದಾಗ, ಮೊಹರು ಹಾಕಿದ 2018ರ ಪಟ್ಟಿಯನ್ನು ಹಿಡಿದು ಕಸ್ಟಮ್ಸ್ ಕಚೇರಿಗೆ ಹೋದೆ. 2019ರಲ್ಲಿ ಕೊಂಡ ಸೋಫಾ ಪಟ್ಟಿಯಲ್ಲಿರಲಿಲ್ಲ, ಅದಕ್ಕೆ ಸುಂಕ, ತೆರಿಗೆ ತೆತ್ತೆ. ಯುವ ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸುತ್ತ ಒಂದೇ ಕಡೆ ನಿಂತ: "ಮರದ ನೂಡಲ್ ಪ್ರೆಸ್ ಎಂದರೇನು?" ಕೈಯಲ್ಲಿ ಒತ್ತುವ ಅಭಿನಯ ಮಾಡಿ ತೋರಿಸಿದೆ. ಅವನು ನಕ್ಕು ಮೊಹರು ಒತ್ತಿದ.

ತಂಗಿಯ ಮದುವೆಗೆಂದು ಊರಿಗೆ ಹೋದ 24 ದಿನಗಳನ್ನು ಕಳೆದು, ನೋಟು ಪುಸ್ತಕದಲ್ಲಿ 730 ಎಂದು ಬರೆದದ್ದು 2023ರ ಆಗಸ್ಟ್ 25ರಂದು. ಗ್ರೈಂಡರಿಗೆ ಟ್ರಾನ್ಸ್‌ಫಾರ್ಮರ್ ಕೊಳ್ಳುವುದು ಮಾತ್ರ ಇನ್ನೂ ಬಾಕಿ ಇದೆ.